ಎಕ್ಸೆಲ್‌ನಲ್ಲಿ ನಾವೇ ಬರೆದ ಫಂಕ್ಷನ್: ಮಾಡಿ ನೋಡಿದವರು ಹೇಳಿ

ಕೇಳಿದವರು: ಸಹಕಾರ ಸಂಘದ ರಸೀದಿಯಲ್ಲಿ ಮೊತ್ತ ಕನ್ನಡ ಅಕ್ಷರದಲ್ಲಿ ಬರಬೇಕು. ಅಂಕಿಯನ್ನು ಇಂಗ್ಲಿಷ್ ಪದಗಳಲ್ಲಿ ಬರೆಯುವ ಮೈಕ್ರೋಸಾಫ್ಟ್‌ನವರ ಸ್ಪೆಲ್‌ನಂಬರ್ ಕೋಡ್ ಸಿಕ್ಕಿತು, ಆದರೆ ಅದು ಡಾಲರ್, ಮಿಲಿಯನ್ ಅನ್ನುತ್ತದೆ. ಅದನ್ನೇ ಅಂಟಿಸಿ ಕರೆದು ನೋಡಿದರೆ ಸೆಲ್‌ನಲ್ಲಿ ನೇಮ್ ಎರರ್ (ಆ ಹೆಸರೇ ಗೊತ್ತಿಲ್ಲ ಅಂತ). ಫಂಕ್ಷನ್‌ಗಳನ್ನು ತೋರಿಸುವ ಎಫ್‌ಎಕ್ಸ್ ಪಟ್ಟಿಯಲ್ಲೂ ಹೆಸರಿಲ್ಲ.

ಅಕೌಂಟ್ಸ್‌ನವರು: ಕೋಡ್ ಎಲ್ಲಿದೆ ನೋಡಿ ಸರ್. ಆಲ್ಟ್ ಎಫ್11 ಒತ್ತಿ ಕೋಡ್ ಬರೆಯುವ ವಿಬಿಎ ಎಡಿಟರ್ ತೆರೆದು, ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ ತೆಗೆದುಕೊಂಡು ಅಲ್ಲೇ ಹಾಕಬೇಕು. ಷೀಟ್1 ಒಳಗೆ ಅಂಟಿಸಿದ್ದು ಸೆಲ್‌ಗೆ ಕಾಣಿಸುವುದಿಲ್ಲ. ಆಮೇಲೆ ಶಿಫ್ಟ್ ಎಫ್3 ಒತ್ತಿದರೆ ಯೂಸರ್ ಡಿಫೈನ್ಡ್ ವಿಭಾಗದಲ್ಲಿ ಹೆಸರು ಸಿಗುತ್ತದೆ. ಮಾಡ್ಯೂಲ್‌ಗೂ ಫಂಕ್ಷನ್‌ಗೂ ಒಂದೇ ಹೆಸರು ಇಡಬೇಡಿ, ಮತ್ತೆ ಅದೇ ಎರರ್. ಫೈಲನ್ನು ಕೋಡ್ (ಮ್ಯಾಕ್ರೋ) ಉಳಿಸಿಕೊಳ್ಳುವ ಎಕ್ಸ್‌ಎಲ್‌ಎಸ್‌ಎಂ ಆಗಿ ಸೇವ್ ಮಾಡಿ, ಎಕ್ಸ್‌ಎಲ್‌ಎಸ್‌ಎಕ್ಸ್ ಆದರೆ ಕೋಡ್ ಹೋಯಿತು ಅಂತಲೇ ಲೆಕ್ಕ.

ಜಿಎಸ್‌ಟಿ ಕೆಲಸದವರು: ಹೆಸರಿನದೇ ಇನ್ನೊಂದು ಕಥೆ. ಜಿಎಸ್‌ಟಿ18 ಅಂತ ಇಟ್ಟರೆ ನಡೆಯುವುದಿಲ್ಲ ರೀ, ಅದು ಎಕ್ಸೆಲ್‌ಗೆ ಒಂದು ಸೆಲ್‌ನ ವಿಳಾಸ! ಕಾಲಂಗಳ ಹೆಸರು ಎ ಇಂದ ಎಕ್ಸ್‌ಎಫ್‌ಡಿವರೆಗೆ ಹೋಗುತ್ತದೆ, ನಡುವೆ ಜಿಎಸ್‌ಟಿ ಅನ್ನುವ ಕಾಲಂ ಕೂಡ ಇದೆ.

ಮೇಷ್ಟ್ರು: ನಿಜವಾದ ತಲೆನೋವು ಕನ್ನಡದ್ದು. ವಿಬಿಎ ಎಡಿಟರ್‌ನಲ್ಲಿ "ಸಾವಿರ" ಅಂತ ಹಾಕಿದರೆ ಬರೀ ಪ್ರಶ್ನೆ ಚಿಹ್ನೆ. ಪದಗಳನ್ನೆಲ್ಲ ಒಂದು ಷೀಟ್‌ನಲ್ಲಿ ಇಡಿ. 1ರಿಂದ 99ಕ್ಕೆ ಒಂದು ಕಾಲಂ, ನೂರುಗಳಿಗೆ ಎರಡು. ಯಾಕೆಂದರೆ 500 ಇದ್ದರೆ ಐನೂರು, 525 ಆದರೆ ಐನೂರ ಇಪ್ಪತ್ತೈದು. ಸಾವಿರ–ಸಾವಿರದ, ಲಕ್ಷ–ಲಕ್ಷದ ಕೂಡ ಹಾಗೆಯೇ. ಇನ್ನೂರು, ಮುನ್ನೂರು, ಒಂಬೈನೂರು ಇವನ್ನು ಕೋಡ್‌ನಿಂದ ಜೋಡಿಸಲು ಹೋಗಬೇಡಿ, "ಎರಡುನೂರು" ಬಂದು ಕೂರುತ್ತದೆ. ಆ ಇಂಗ್ಲಿಷ್ ಕೋಡ್ ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸಲೀಸು. (ಥಾಯ್ ಭಾಷೆಯವರಿಗೆ ಮೊತ್ತವನ್ನು ಅಕ್ಷರದಲ್ಲಿ ಬರೆಯಲು ಬಾತ್‌ಟೆಕ್ಸ್ಟ್ ಅಂತ ಎಕ್ಸೆಲ್‌ನಲ್ಲೇ ಇದೆ. ನಮಗೆಲ್ಲಿ ಆ ಭಾಗ್ಯ!)

ಆ ಪದಗಳ ಪಟ್ಟಿಯನ್ನು ಫಂಕ್ಷನ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ (ಆವರಣದೊಳಗೆ, ಮೊತ್ತದ ನಂತರ) ಕೊಡಿ. ಆರ್ಗ್ಯುಮೆಂಟ್ ಬದಲಾದಾಗಲಷ್ಟೇ ಎಕ್ಸೆಲ್ ನಮ್ಮ ಫಂಕ್ಷನ್ನನ್ನು ಮತ್ತೆ ಲೆಕ್ಕ ಹಾಕುವುದು. ಕೋಡ್ ಒಳಗಿಂದಲೇ ಷೀಟ್ ಓದಿಸಿದರೆ, ಪಟ್ಟಿಯಲ್ಲಿ ಕಾಗುಣಿತ ತಿದ್ದಿದರೂ ರಸೀದಿಯಲ್ಲಿ ಹಳೆಯದೇ ಉಳಿದಿರುತ್ತದೆ. ವೊಲಟೈಲ್ (ಪ್ರತಿ ಲೆಕ್ಕಕ್ಕೂ ಫಂಕ್ಷನ್ ಓಡಿಸುವ ಸೂಚನೆ) ಹಾಕಿದರೆ ಬದಲಾಗುತ್ತದೆ, ಆದರೆ ದೊಡ್ಡ ಫೈಲ್ ತೆವಳತೊಡಗುತ್ತದೆ.

ಇನ್ನೊಬ್ಬರು: ಎಲ್ಲ ಫೈಲಿಗೂ ಬೇಕಾದರೆ ಎಕ್ಸ್‌ಎಲ್‌ಎಎಂ ಆ್ಯಡ್‌ಇನ್ (ಎಕ್ಸೆಲ್‌ಗೆ ಸೇರಿಸುವ ಕೋಡ್ ಫೈಲ್) ಮಾಡಿಕೊಳ್ಳಿ. ಎಕ್ಸೆಲ್ ಜೊತೆಗೇ ತೆರೆಯುವ ಪರ್ಸನಲ್ ವರ್ಕ್‌ಬುಕ್‌ನಲ್ಲಿಟ್ಟರೆ ಪ್ರತಿ ಸಲ ಫೈಲಿನ ಹೆಸರನ್ನೂ ಮುಂದೆ ಸೇರಿಸಿ ಕರೆಯಬೇಕು. ಬೇರೆಯವರಿಗೆ ಕಳಿಸುವ ಮುಂಚೆ ಪೇಸ್ಟ್ ವ್ಯಾಲ್ಯೂಸ್ ಮಾಡಿ ಫಾರ್ಮುಲಾ ಜಾಗದಲ್ಲಿ ಬರೀ ಉತ್ತರ ಉಳಿಸಿಬಿಡಿ, ಅವರ ಹತ್ತಿರ ಆ್ಯಡ್‌ಇನ್ ಇರುವುದಿಲ್ಲ. ಮೈಕ್ರೋಸಾಫ್ಟ್ 365 ಇದ್ದರೆ ಈ ಮ್ಯಾಕ್ರೋ ರಗಳೆಯೇ ಬೇಡ: ಲ್ಯಾಂಬ್ಡಾ (ಫಾರ್ಮುಲಾದಿಂದಲೇ ನಮ್ಮ ಫಂಕ್ಷನ್ ಮಾಡುವ ಸೌಲಭ್ಯ) ಬರೆದು ನೇಮ್ ಮ್ಯಾನೇಜರ್‌ನಲ್ಲಿ ಹೆಸರಿಟ್ಟರೆ ಸಾಕು, ಕನ್ನಡವನ್ನೂ ಸರಿಯಾಗಿ ಹಿಡಿಯುತ್ತದೆ.

ಕೇಳಿದವರು: ಸಂಘದಲ್ಲಿರುವುದು ಎಕ್ಸೆಲ್ 2016, ಹಾಗಾಗಿ ಲ್ಯಾಂಬ್ಡಾ ಆಗದು. ಮಾಡ್ಯೂಲ್‌ಗೆ ಹಾಕಿದೆ, ಹೆಸರು ಬಂತು. ಈಗ ಪಟ್ಟಿ ಟೈಪ್ ಮಾಡುತ್ತಿದ್ದೇನೆ. ಪೈಸೆಗೆ ಬೇರೆ ಪಟ್ಟಿ ಬೇಕಾ ಮೇಷ್ಟ್ರೇ?

ಮೇಷ್ಟ್ರು: ಬೇಡ, ಅದೇ ಸಾಕು. ಆದರೆ ಮೊತ್ತವನ್ನು ಮೊದಲು ಎರಡು ದಶಮಾಂಶಕ್ಕೆ ರೌಂಡ್ ಮಾಡಿ, ಆಮೇಲೆ ರೂಪಾಯಿ, ಪೈಸೆ ಬೇರ್ಪಡಿಸಿ. ಬೇರ್ಪಡಿಸಿದ ಮೇಲೆ ರೌಂಡ್ ಮಾಡಿದರೆ 99.999ಕ್ಕೆ ನೂರು ಪೈಸೆ ಬರುತ್ತದೆ, 99ರ ಪಟ್ಟಿಯಲ್ಲಿ ಅದು ಸಿಗುವುದಿಲ್ಲ.