ಅಪ್‌ಡೇಟ್: ಮಗಳ ಅನುಪಾತದ ಲೆಕ್ಕ

ಏಳನೇ ಕ್ಲಾಸಿನ ಮಗಳು ಅನುಪಾತದ ಲೆಕ್ಕ ಕಂಡ ತಕ್ಷಣ ಯೋಚಿಸದೆ ಸುಮ್ನೆ ಅಡ್ಡ ಗುಣಿಸುತ್ತಾಳೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ‘ಅಡುಗೆಮನೆಯಿಂದ ಶುರು ಮಾಡಿ’ ಅಂದವರಿಗೆ ಥ್ಯಾಂಕ್ಸ್.

ನಮ್ಮನೆ ಇಡ್ಲಿಗೆ 3 ಲೋಟ ಅಕ್ಕಿಗೆ 1 ಲೋಟ ಉದ್ದು. ಭಾನುವಾರ ಬಸವನಗುಡಿಯಿಂದ ನೆಂಟರು ಬರುವವರಿದ್ದರು. ಡಬ್ಬದಲ್ಲಿದ್ದದ್ದು ಎರಡೂವರೆ ಲೋಟ ಉದ್ದು. ಅಕ್ಕಿ ಎಷ್ಟು ಅಂದೆ. ಅಕ್ಕಿ ಕೆಳಗೆ ಅಕ್ಕಿ, ಉದ್ದಿನ ಕೆಳಗೆ ಉದ್ದು ಬರೆದು ‘ಏಳೂವರೆ’ ಅಂದಳು. ಅಳೆದದ್ದೂ ಅವಳೇ. (ರುಬ್ಬಿದ್ದು ಮಾತ್ರ ನಾನು!)

ಎಡವಿದ್ದು ಪೇಂಟಿಂಗ್ ಲೆಕ್ಕದಲ್ಲಿ. 4 ಜನಕ್ಕೆ 6 ದಿನ ಬೇಕಾದರೆ 8 ಜನಕ್ಕೆ? ‘ಹನ್ನೆರಡು!’

‘ಜನ ಜಾಸ್ತಿಯಾದರೆ ದಿನವೂ ಜಾಸ್ತಿಯಾ?’ ಅಂದೆ. ನಾಲಿಗೆ ಕಚ್ಚಿಕೊಂಡಳು. 4 × 6 = 24, ಅದನ್ನು 8ರಿಂದ ಭಾಗಿಸಿ 3 ಅಂದಳು. ಈಗ ಲೆಕ್ಕಕ್ಕೆ ಮೊದಲು ಉತ್ತರ ಏರುತ್ತೋ ಇಳಿಯುತ್ತೋ ಅಂತ ಪಕ್ಕದಲ್ಲಿ ಬಾಣ ಹಾಕುತ್ತಾಳೆ. ಶೇಕಡಾ ಲೆಕ್ಕ ಇನ್ನೂ ಬಾಕಿ ಇದೆ.