ಹೆಸರು ಮುಚ್ಚಿದ ಪ್ರಣಾಳಿಕೆ

ಸತೀಶ: (ಫಾರ್ವರ್ಡ್) 2023ರ ಕರ್ನಾಟಕ ಪ್ರಣಾಳಿಕೆಗಳು, ಪಕ್ಷದ ಹೆಸರು ಮುಚ್ಚಿದ್ದೀವಿ, ಗುರುತಿಸಿ! ಅ) ಬಿಪಿಎಲ್ ಮನೆಯ ಪ್ರತಿಯೊಬ್ಬರಿಗೆ 10 ಕೆಜಿ ಅಕ್ಕಿ. ಆ) ದಿನಾ ಅರ್ಧ ಲೀಟರ್ ಹಾಲು, ವರ್ಷಕ್ಕೆ 3 ಸಿಲಿಂಡರ್. ಇ) ವರ್ಷಕ್ಕೆ 5 ಸಿಲಿಂಡರ್.

ಸತೀಶ: ಅಂಗಡಿ ಬೇರೆ, ಸಾಮಾನು ಒಂದೇ ಕಣ್ರೋ. ಇನ್ಮೇಲೆ ನಂದು ನೋಟಾ, ಯಾರೂ ಬೇಡ ಅನ್ನೋ ಬಟನ್.

ಶೈಲಾ: ನೋಟಾ ಒತ್ತಿ ಏನು ಸಾಧಿಸ್ತೀಯೋ? ಅದಕ್ಕೆ ಎಷ್ಟೇ ಮತ ಬಿದ್ರೂ ಅಭ್ಯರ್ಥಿಗಳಲ್ಲಿ ಮುಂದಿರೋನೇ ಗೆಲ್ಲೋದು. 2024ರಲ್ಲಿ ಇಂದೋರ್‌ನಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ವಾಪಸ್ ತಗೊಂಡ್ರು; ನೋಟಾಗೆ 2 ಲಕ್ಷ 18 ಸಾವಿರ ಬಿದ್ದು ಎರಡನೇ ಸ್ಥಾನ. ಬಿಜೆಪಿ ಗೆದ್ದ ಅಂತರ? 11 ಲಕ್ಷ 75 ಸಾವಿರ. ಠೇವಣಿ ಲೆಕ್ಕದಲ್ಲೂ ನೋಟಾ ಇಲ್ಲ. ಠೇವಣಿ ಉಳಿಯೋಕೆ ಬೇಕಾದ, ಸಿಂಧು (ಲೆಕ್ಕಕ್ಕೆ ಬರೋ) ಮತಗಳ ಆರನೇ ಒಂದು ಭಾಗ ನೋಡೋವಾಗ ಅದನ್ನ ಬಿಟ್ಟೇ ಎಣಿಸ್ತಾರೆ. ಸೋಲೋನ ಠೇವಣಿ ಉಳಿಸೋಕೆ ನೀನೇ ಕೈಜೋಡಿಸಿದ ಹಾಗಾಯ್ತು 😄

ಮಂಜುನಾಥ: ಸಿಲಿಂಡರ್ ಬಿಡ್ರಪ್ಪ. ಎಲ್ಲಾ ಪಕ್ಷದಲ್ಲೂ ಓಡಾಡೋ ಜನ ಅವರೇ, ರೋಗ ಇರೋದು ಅಲ್ಲಿ. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಬಿದ್ದಿದ್ದು ನೋಡಿ. ಪಕ್ಷಾಂತರ ಕಾಯ್ದೆ ಪ್ರಕಾರ ಪಕ್ಷ ಬಿಟ್ರೂ ಸ್ಥಾನ ಉಳಿಯೋ ವಿಲೀನ ಅನ್ನಿಸ್ಕೊಳ್ಳೋಕೆ ಪಕ್ಷದ ಶಾಸಕರಲ್ಲಿ ಮೂರನೇ ಎರಡು ಭಾಗ ಬೇಕು, ಅಷ್ಟು ಸಿಗಲ್ಲ. ಅದಕ್ಕೇ ಆ ಎರಡೂ ಪಕ್ಷದ ಕೆಲವು ಶಾಸಕರು ರಾಜೀನಾಮೆ ದಾರಿ ಹಿಡಿದ್ರು. ಸದನಕ್ಕೆ ಬರದೇ ಇದ್ರೆ ಬಹುಮತದ ಗೆರೆನೇ ಕೆಳಗಿಳಿಯುತ್ತೆ. ಜುಲೈ 23ರ ವಿಶ್ವಾಸಮತದಲ್ಲಿ 99–105, ಸರ್ಕಾರ ಬಿತ್ತು. ಸ್ಪೀಕರ್ 17 ಜನರನ್ನ ಅನರ್ಹ ಮಾಡಿದ್ರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡೀತು, ಆದ್ರೆ 2023ರವರೆಗೆ ಸ್ಪರ್ಧಿಸಬಾರದು ಅನ್ನೋದನ್ನ ತೆಗೀತು. ಡಿಸೆಂಬರ್‌ನಲ್ಲಿ 15 ಕಡೆ ಉಪಚುನಾವಣೆ, ಅನರ್ಹರಲ್ಲಿ ಬಹುತೇಕರು ಬಿಜೆಪಿಯಿಂದಲೇ ನಿಂತ್ರು, 12 ಬಿಜೆಪಿಗೆ.

ಸತೀಶ: ನಾನೂ ಅದನ್ನೇ ಹೇಳಿದ್ದು ಮಾರಾಯ. 2018ರಲ್ಲಿ ಕಾಂಗ್ರೆಸ್ ಜತೆ ಸರ್ಕಾರ ಮಾಡಿದ ಜೆಡಿಎಸ್ 2023ರ ಸೆಪ್ಟೆಂಬರ್‌ಗೆ ಎನ್‌ಡಿಎಗೆ!

ನಜೀರ್: ಮುಖ ಅದೇ ಇದ್ರೆ ಆಡಳಿತವೂ ಅದೇನಾ? 2023ರ ಮಾರ್ಚಲ್ಲಿ ಬಿಜೆಪಿ ಸರ್ಕಾರ ಮುಸ್ಲಿಮರಿಗಿದ್ದ 2ಬಿ ಅನ್ನೋ ಹಿಂದುಳಿದ ವರ್ಗದ 4% ಮೀಸಲಾತಿ ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ 2% ಹಂಚಿತು. ಸುಪ್ರೀಂ ಕೋರ್ಟಿಗೆ ಹೋಗಿ ಜಾರಿ ನಿಂತಿತು. 2025ರ ಮಾರ್ಚಲ್ಲಿ ಕಾಂಗ್ರೆಸ್ ಸರ್ಕಾರ ಅದೇ 2ಬಿಗೆ ಸರ್ಕಾರಿ ಗುತ್ತಿಗೆಯಲ್ಲಿ 4% ಕೊಡೋ ಮಸೂದೆ ತಂತು. ಇದು ಒಂದೇ ಸಾಮಾನಾ? ನಿನ್ನ ಫಾರ್ವರ್ಡ್‌ನಲ್ಲಿ ಇದ್ಯಾಕೆ ಇಲ್ಲ?

ಮಂಜುನಾಥ: ಅದು ಸರಿ ನಜೀರ್. ಭೂಸುಧಾರಣೆ ಕಥೆ ಏನು? 2020ರಲ್ಲಿ ಬಿಜೆಪಿ ಸರ್ಕಾರ ಕೃಷಿ ಜಮೀನು ಯಾರು ಕೊಳ್ಳಬಹುದು ಅಂತ ತಡೆ ಹಾಕಿದ್ದ 79ಎ, 79ಬಿ ಕಲಮು ತೆಗೆದಾಗ ಕಾಂಗ್ರೆಸ್ ಬೀದಿಗಿಳೀತು. ಜನವಿರೋಧಿ ಕಾನೂನೆಲ್ಲ ವರ್ಷದೊಳಗೆ ರದ್ದು ಅಂತ 2023ರ ಪ್ರಣಾಳಿಕೆಲೂ ಬರೀತು. ವರ್ಷ ಕಳೀತು, ಆ ಕಲಮುಗಳು ವಾಪಸ್ ಬರಲಿಲ್ಲ. ಜಮೀನಿನ ವಿಚಾರ ಬಂದ್ರೆ ಇಬ್ಬರೂ ಒಂದೇ.

ಶೈಲಾ: ಹೂಂ, ಮೀಸಲಾತಿಲಿ ಬೇರೆ, ಜಮೀನಲ್ಲಿ ಒಂದೇ. ಹಾಗೆ ಬಿಡಿಬಿಡಿಯಾಗಿ ನೋಡಬೇಕು. ಸತೀಶ, ಅಭ್ಯರ್ಥಿ ಬಗ್ಗೆ ಬೇಕಿದ್ರೆ ಚುನಾವಣಾ ಆಯೋಗದ ಸೈಟಲ್ಲಿ ಫಾರ್ಮ್ 26 ಅಫಿಡವಿಟ್ ಇಳಿಸ್ಕೋ. ಐದು ವರ್ಷದ ಆದಾಯ, ಆಸ್ತಿ, ಸಾಲ, ಕೇಸು ಇರುತ್ತೆ. ಹಿಂದೆ ಯಾವ ಪಕ್ಷದಲ್ಲಿದ್ರು ಅನ್ನೋ ಕಾಲಂ ಮಾತ್ರ ಇಲ್ಲ. ಅದಕ್ಕೆ ಒಬ್ಬರದೇ 2018, 2023ರ ಎರಡನ್ನೂ ಅಕ್ಕಪಕ್ಕ ಇಟ್ಟು ಓದು.

ಸತೀಶ: ನಮ್ಮ ಕ್ಷೇತ್ರದ್ದು ನೀನೇ ಹಾಕೇ, ಓದ್ತೀನಿ. ನೋಟಾ ಇನ್ನೂ ಬಿಟ್ಟಿಲ್ಲ ನಾನು.