ಕೊಳವೆಬಾವಿ ಚೇತರಿಕೆಯ ನಕ್ಷೆಯಲ್ಲಿ ಎರಡು ಗೆರೆಗಳು: ಯಾವುದನ್ನು ನಂಬಬೇಕು?

ಪ್ರಶ್ನೆ
ಚಿಂತಾಮಣಿ ಬಳಿಯ ನಮ್ಮ ತೋಟದಲ್ಲಿ ನೈಸ್ ಎಂಬ ಗಟ್ಟಿ ಶಿಲೆಯೊಳಗೆ ಕೊರೆದ 165 ಮಿ.ಮೀ. ವ್ಯಾಸದ ಕೊಳವೆಬಾವಿಯಿಂದ 180 ನಿಮಿಷ ನೀರೆತ್ತಿ, ಪಂಪ್ ನಿಲ್ಲಿಸಿದ ಮೇಲೆ ಮತ್ತೆ 180 ನಿಮಿಷ ನೀರು ಏರುವುದನ್ನು ಅಳೆದಿದ್ದೇನೆ. 200 ಲೀಟರಿನ ಡ್ರಮ್ 100 ಸೆಕೆಂಡಿಗೆ ತುಂಬುತ್ತಿತ್ತು, ಅಂದರೆ ನಿಮಿಷಕ್ಕೆ 120 ಲೀಟರ್. ಪಂಪ್ ಶುರುವಾದಂದಿನಿಂದ ಕಳೆದ ಕಾಲವನ್ನು ನಿಂತ ಮೇಲಿನ ಕಾಲದಿಂದ ಭಾಗಿಸಿ, ಆ ಅನುಪಾತವನ್ನು ಲಾಗ್ ಅಳತೆಯಲ್ಲಿಟ್ಟು, ಇನ್ನೂ ಉಳಿದಿರುವ ಇಳಿತವನ್ನು (ಮೊದಲಿನ ಮಟ್ಟಕ್ಕಿಂತ ನೀರು ಎಷ್ಟು ಕೆಳಗಿದೆ ಎಂಬುದನ್ನು) ಅದರೆದುರು ಗುರುತಿಸಿದಾಗ ಎರಡು ಗೆರೆಗಳು ಬಂದವು. ಮೊದಲ 20 ನಿಮಿಷದ ಗೆರೆ ಲಾಗ್ ಸೈಕಲ್ಲಿಗೆ (ಅನುಪಾತ ಹತ್ತು ಪಟ್ಟು ಬದಲಾಗುವ ಅಂತರಕ್ಕೆ) 7 ಮೀಟರ್ ಇಳಿದರೆ, ಆಮೇಲಿನದು 2.4 ಮೀಟರ್ ಮಾತ್ರ. ಟ್ರಾನ್ಸ್‌ಮಿಸಿವಿಟಿಗೆ (ಬಂಡೆ ತನ್ನ ಮೂಲಕ ನೀರು ಹರಿಯಬಿಡುವ ಸಾಮರ್ಥ್ಯಕ್ಕೆ) ಯಾವುದನ್ನು ಹಿಡಿಯಬೇಕು? ಸಂಗ್ರಹ ಗುಣಾಂಕವೂ (ಮಟ್ಟ ಇಳಿದಾಗ ಬಂಡೆ ಎಷ್ಟು ನೀರು ಬಿಟ್ಟುಕೊಡುತ್ತದೆಂಬ ಅಳತೆ) ಇದರಿಂದಲೇ ಸಿಗುತ್ತದೆಯೇ?

ಉತ್ತರ 1
ಎರಡನೆಯ ಗೆರೆಯನ್ನೇ ಹಿಡಿಯಿರಿ. 1935ರಲ್ಲಿ ಅಂತರ್ಜಲ ತಜ್ಞ ಥೈಸ್ ಕೊಟ್ಟ ವಿಧಾನದಂತೆ, ದಿನದ ಹೊರಹರಿವಾದ 172.8 ಘನ ಮೀಟರನ್ನು ಸೂತ್ರದ ಸ್ಥಿರಾಂಕವಾದ 0.183ರಿಂದ ಗುಣಿಸಿ 2.4ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 13 ಚದರ ಮೀಟರ್ ಬರುತ್ತದೆ. ಥೈಸ್ ಸೂತ್ರವು ಬಾವಿಯನ್ನು ನೀರೇ ಹಿಡಿಯದ ಸಣ್ಣ ಗೆರೆಯೆಂದು ಭಾವಿಸುತ್ತದೆ; ವಾಸ್ತವದಲ್ಲಿ ಪಂಪ್ ನಿಂತ ಮೇಲೂ ಬಂಡೆಯಿಂದ ಬರುವ ನೀರು ಮೊದಲು ಕೊಳವೆಯ ಪೊಳ್ಳನ್ನೇ ತುಂಬಬೇಕಾಗುತ್ತದೆ. ಈ ಪರಿಣಾಮ ಕರಗಲು ಬೇಕಾದ ಕಾಲವನ್ನು, ಕೊಳವೆಯ ತ್ರಿಜ್ಯದ ವರ್ಗವನ್ನು 25ರಿಂದ ಗುಣಿಸಿ ಟ್ರಾನ್ಸ್‌ಮಿಸಿವಿಟಿಯಿಂದ ಭಾಗಿಸಿ ಅಂದಾಜಿಸುತ್ತಾರೆ. ನಿಮ್ಮ ಬಾವಿಗೆ ಅದು ಸುಮಾರು 19 ನಿಮಿಷ. ನಿಮ್ಮ ಗೆರೆ ತಿರುಗಿದ ಜಾಗವೂ ಹೆಚ್ಚುಕಡಿಮೆ ಅದೇ. ಮೊದಲ ಗೆರೆಯನ್ನು ನಂಬಿದ್ದರೆ 4.5 ಬಂದು, ಬಂಡೆಯನ್ನು ಇರುವುದಕ್ಕಿಂತ ಬಡವೆಂದು ತೀರ್ಮಾನಿಸುತ್ತಿದ್ದಿರಿ.

ಉತ್ತರ 2
ಇನ್ನೊಂದನ್ನು ಪರಿಶೀಲಿಸಿ. ಪಂಪಿನ ನಾನ್-ರಿಟರ್ನ್ ವಾಲ್ವ್ ಸವೆದಿದ್ದರೆ ಡೆಲಿವರಿ ಪೈಪಿನಲ್ಲಿ ನಿಂತ ನೀರು ಕೂಡಲೇ ಬಾವಿಗೆ ಹಿಂದಿರುಗಿ ಆರಂಭದ ಅಳತೆಗಳನ್ನು ಕೆಡಿಸುತ್ತದೆ. ಇದೇ ಲೆಕ್ಕವನ್ನು 6 ಮೀಟರ್ ಅಗಲದ ತೆರೆದ ಬಾವಿಗೆ ಹಚ್ಚಬೇಡಿ: ಇಷ್ಟೇ ಟ್ರಾನ್ಸ್‌ಮಿಸಿವಿಟಿಯಿದ್ದರೂ ಅಲ್ಲಿ ಆ 19 ನಿಮಿಷ ಸುಮಾರು 17 ದಿನವಾಗುತ್ತದೆ. ಅಂಥ ಬಾವಿಗಳಿಗೆ ಪಾಪಡೋಪುಲಸ್ ಮತ್ತು ಕೂಪರ್ 1967ರಲ್ಲಿ ಪ್ರಕಟಿಸಿದ ವಕ್ರರೇಖೆಗಳು ಬೇಕು.

ಉತ್ತರ 3
ಸಂಗ್ರಹ ಗುಣಾಂಕ ಈ ದಾಖಲೆಯಿಂದ ಸಿಗದು. ನೀರೆತ್ತುವ ಇಳಿತದಿಂದ ಚೇತರಿಕೆಯನ್ನು ಕಳೆಯುವಾಗ, ಆ ಗುಣಾಂಕ ಎರಡೂ ಕಡೆ ಒಂದೇ ಆಗಿದ್ದರೆ ಲಾಗ್ ಅನುಪಾತದಲ್ಲಿ ರದ್ದಾಗಿಬಿಡುತ್ತದೆ. ಅದಕ್ಕೆ ದೂರ ಗೊತ್ತಿರುವ ಇನ್ನೊಂದು ಬಾವಿಯಲ್ಲಿ ಇಳಿತ ಅಳೆಯಲೇಬೇಕು.

ಪ್ರಶ್ನೆ ಕೇಳಿದವರು
ಧನ್ಯವಾದಗಳು. 40 ಮೀಟರ್ ದೂರದಲ್ಲಿ ಬಳಸದೆ ಬಿಟ್ಟಿರುವ ಕೊಳವೆಬಾವಿಯೊಂದಿದೆ. ಅದರಲ್ಲಿ ನೀರು ನಿಂತಿದೆ. ಸಾಕೇ?

ಉತ್ತರ 3
ಎರಡು ಬಾವಿಗಳ ನಡುವೆ ಬಿರುಕಿನ ಸಂಪರ್ಕವಿದ್ದರೆ ಸಾಕು. ಸಂಗ್ರಹ ಗುಣಾಂಕ 0.001 ಎಂದು ಹಿಡಿದರೆ, ಮೂರು ಗಂಟೆಯ ಪಂಪಿಂಗಿಗೆ ಅಲ್ಲಿ ಸುಮಾರು ಒಂದು ಮೀಟರ್ ಇಳಿತ ಕಾಣಬೇಕು. ಏನೂ ಕಾಣದಿದ್ದರೆ ಪರೀಕ್ಷೆ ವ್ಯರ್ಥವಾಯಿತೆಂದುಕೊಳ್ಳಬೇಡಿ, ಸಂಪರ್ಕವಿಲ್ಲವೆಂಬುದನ್ನೂ ದಾಖಲೆಯಲ್ಲಿ ಬರೆದಿಡಿ. ಪಂಪ್ ಶುರುಮಾಡುವ ಹಿಂದಿನ ದಿನದಿಂದಲೇ ಆ ಬಾವಿಯ ಮಟ್ಟ ಅಳೆಯುತ್ತಿರಿ, ಸುತ್ತಲಿನ ತೋಟಗಳ ಪಂಪುಗಳು ಯಾವ ಹೊತ್ತಿಗೆ ಓಡುತ್ತವೆಂಬುದನ್ನೂ ಗುರುತಿಸಿಕೊಳ್ಳಿ.